ಕೀಲಿಗೆ ಎಣ್ಣೆ ಬಿಡುವ ಮೊದಲು

ಬಾಗಿಲಿಗೆ ನಮ್ಮ ಕಡೆ ಸಲ್ಲುವ ಮರ್ಯಾದೆ ಕಡಿಮೆಯದೇನಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಯಾವ ಊರಿಗೆ ಹೋದರೂ ಬೆಳಗಾಗುವಷ್ಟರಲ್ಲಿ ಹೊಸ್ತಿಲು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ಮುಂದೆ ನಾಲ್ಕು ಎಳೆ ರಂಗೋಲಿ ಬಿಟ್ಟಿರುತ್ತಾರೆ. ಹಬ್ಬ ಬಂತೆಂದರೆ ಮೇಲೆ ಮಾವಿನ ತೋರಣ. ಹೊಸ ಮನೆ ಕಟ್ಟುವಾಗ ಬಾಗಿಲು ನಿಲ್ಲಿಸುವುದಕ್ಕೇ ಬೇರೆ ಮುಹೂರ್ತ, ಬೇರೆ ಪೂಜೆ. ಇಷ್ಟೆಲ್ಲದರ ನಡುವೆ ಆ ಬಾಗಿಲನ್ನು ಹೊತ್ತುಕೊಂಡಿರುವ ಕೀಲು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಿರ್ರೆಂದಾಗ ಅಡುಗೆಮನೆಯಿಂದಲೋ ತಲೆಗೆ ಹಚ್ಚುವ ಬಾಟಲಿಯಿಂದಲೋ ಒಂದಿಷ್ಟು ಎಣ್ಣೆ ತಂದು ಬಿಡುತ್ತಾರೆ, ಸದ್ದು ನಿಲ್ಲುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಈ ಹನಿ ಎಣ್ಣೆಯ ರೂಢಿ ನಮಗೆ ಬಂದಿರುವುದು ಬೇರೊಂದು ಬಗೆಯ ಬಾಗಿಲಿನ ಕಾಲದಿಂದ. ಬಾಗಿಲು ಬದಲಾಯಿತು, ರೂಢಿ ಹಾಗೇ ಉಳಿಯಿತು. ಈಗಿನ ಕೀಲಿಗೆ ಮೊದಲು ಬೇಕಾದದ್ದು ಕೊಳೆ ತೆಗೆಯುವುದು, ಆಮೇಲೆ ಸ್ಕ್ರೂ ಬಿಗಿಯುವುದು, ಕೊನೆಗೆ ಎಣ್ಣೆ. ನಾವು ಕೊನೆಯದನ್ನಷ್ಟೇ ಮಾಡಿ ಮೊದಲಿನ ಎರಡನ್ನೂ ಬಿಟ್ಟಿದ್ದೇವೆ. ಅದರಿಂದ ಕೆಡುತ್ತಿರುವುದು ಬರೀ ಕೀಲಲ್ಲ, ಮರವೂ ಕೆಡುತ್ತಿದೆ ಎಂಬುದು ನನ್ನ ವಾದ.

ಹಳೆಯ ತೊಟ್ಟಿಮನೆಗಳ, ಮಣ್ಣುಗೋಡೆಯ ಮನೆಗಳ ಕದಗಳನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಎಷ್ಟೋ ಕದಗಳಿಗೆ ಕಬ್ಬಿಣದ ಕೀಲೇ ಇರಲಿಲ್ಲ. ಹಲಗೆಯ ಒಂದು ಅಂಚಿನಲ್ಲಿ ಮೇಲಕ್ಕೊಂದು, ಕೆಳಕ್ಕೊಂದು ಗೂಟ ಚಾಚಿಕೊಂಡಿರುತ್ತಿತ್ತು. ಮೇಲಿನ ಗೂಟ ದಾರಂದದ ಹಿಂದಿನ ಅಡ್ಡಮರದ ತೂತಿನಲ್ಲಿ, ಕೆಳಗಿನದು ಹೊಸ್ತಿಲ ಪಕ್ಕದ ಕುಳಿಯಲ್ಲಿ ಕೂತು, ಕದ ತನ್ನ ಕಾಲ ಮೇಲೇ ತಿರುಗುತ್ತಿತ್ತು. ದೇವಸ್ಥಾನದ ದೊಡ್ಡ ಬಾಗಿಲುಗಳಲ್ಲಿ, ಕೋಟೆಯ ಹೆಬ್ಬಾಗಿಲುಗಳಲ್ಲಿ ಇದೇ ಏರ್ಪಾಡು ಇನ್ನೂ ದೊಡ್ಡದಾಗಿ ಇರುತ್ತಿತ್ತು. ಮರದ ಗೂಟಕ್ಕೆ ಕಬ್ಬಿಣದ ಬಳೆ ತೊಡಿಸಿ ಕಲ್ಲಿನ ಕುಳಿಯಲ್ಲಿ ನಿಲ್ಲಿಸುತ್ತಿದ್ದರು. ಇದು ನಮ್ಮದೊಂದೇ ನಾಡಿನ ಉಪಾಯವೂ ಅಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದೆ ಮೆಸೊಪೊಟೇಮಿಯಾದ ದೊರೆಗಳು ಕದ ತಿರುಗುವ ಕುಳಿಯ ಕಲ್ಲಿನ ಮೇಲೆ ತಮ್ಮ ಹೆಸರನ್ನೇ ಕೆತ್ತಿಸುತ್ತಿದ್ದರು, ಅಂಥ ಕಲ್ಲುಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಬಾಗಿಲು ತಿರುಗುವ ಜಾಗಕ್ಕೆ ಒಂದು ಕಾಲದಲ್ಲಿ ಅಷ್ಟು ಬೆಲೆಯಿತ್ತು. ಈ ಏರ್ಪಾಡಿನ ದೊಡ್ಡ ಗುಣವೆಂದರೆ ಕದದ ಪೂರ್ತಿ ತೂಕ ನೇರವಾಗಿ ಕಲ್ಲಿನ ಮೇಲೆ, ಕಲ್ಲಿನಿಂದ ನೆಲಕ್ಕೆ ಇಳಿಯುತ್ತಿತ್ತು. ಸಡಿಲವಾಗಲು ಒಂದು ಸ್ಕ್ರೂ ಕೂಡ ಇರಲಿಲ್ಲ. ಕುಳಿಗೆ ಆಗೀಗ ಒಂದಿಷ್ಟು ಹರಳೆಣ್ಣೆ ಹುಯ್ದರೆ ವರ್ಷಗಟ್ಟಲೆ ನಡೆಯುತ್ತಿತ್ತು. ಅಂಥ ಕದಕ್ಕೆ ಹನಿ ಎಣ್ಣೆ ಸಾಕಾಗಿತ್ತು ಎನ್ನುವುದನ್ನು ನಾನು ಒಪ್ಪುತ್ತೇನೆ.

ಈಗಿನ ಬಾಗಿಲು ನಿಂತಿರುವುದಿಲ್ಲ, ನೇತಾಡುತ್ತಿರುತ್ತದೆ. ಅಂಗಡಿಯಲ್ಲಿ ನಾವು ಹಿಂಜಸ್ ಎಂದು ಕೇಳಿ ತರುವ ಕೀಲಿನ ಒಂದು ರೆಕ್ಕೆ ದಾರಂದಕ್ಕೆ, ಇನ್ನೊಂದು ಕದಕ್ಕೆ. ಎರಡರ ಅಂಚನ್ನೂ ಸುರುಳಿ ಸುತ್ತಿ, ಒಂದರೊಳಗೊಂದು ಕೂಡಿಸಿ, ನಡುವೆ ಒಂದು ಕಡ್ಡಿ ಹಾಯಿಸಿರುತ್ತಾರೆ. ಕದದ ತೂಕವೆಲ್ಲ ಆ ಕಡ್ಡಿಯ ಮೂಲಕ ಸ್ಕ್ರೂಗಳಿಗೆ, ಸ್ಕ್ರೂಗಳಿಂದ ದಾರಂದದ ಮರಕ್ಕೆ ಹೋಗಬೇಕು. ಲೆಕ್ಕ ಹಾಕಿ ನೋಡಿ. ಏಳಡಿ ಎತ್ತರ, ಮೂರಡಿ ಅಗಲದ ತೇಗದ ಮುಂಬಾಗಿಲು ಸುಮಾರು 40 ಕಿಲೋ ತೂಗುತ್ತದೆ ಎಂದುಕೊಳ್ಳೋಣ. ಅದರ ತೂಕದ ನಡುಬಿಂದು ಕೀಲಿನಿಂದ ಒಂದೂವರೆ ಅಡಿ ಆಚೆಗಿದೆ. ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ಐದಡಿ ಅಂತರ. ಹಾಗಾದರೆ ಮೇಲಿನ ಕೀಲನ್ನು ದಾರಂದದಿಂದ ಕಿತ್ತು ಹೊರಕ್ಕೆಳೆಯುವ ಬಲ ಸುಮಾರು 12 ಕಿಲೋ, ಕೆಳಗಿನದನ್ನು ಒಳಕ್ಕೆ ಒತ್ತುವುದೂ ಅಷ್ಟೇ. ಬಾಗಿಲು ತೆರೆದಿರಲಿ, ಮುಚ್ಚಿರಲಿ, ಮನೆಯಲ್ಲಿ ಯಾರೂ ಇಲ್ಲದಿರಲಿ, ಆ ಎಳೆತ ಹಗಲೂ ರಾತ್ರಿ ಇದ್ದೇ ಇರುತ್ತದೆ. ಬಾಗಿಲ ಹಿಂದಿನ ಮೊಳೆಗೆ ನಾವು ತೂಗಿಹಾಕುವ ಬಟ್ಟೆ, ಚೀಲ, ಕೊಡೆಗಳ ಭಾರ, ಚಿಲಕ ಹಿಡಿದು ಜೋತಾಡುವ ಮಕ್ಕಳ ಭಾರ ಇದರ ಮೇಲಿನದು. ಈ ಎಳೆತಕ್ಕೆ ಉತ್ತರ ಕೊಡುವುದು ಮರದೊಳಗೆ ಒಂದಂಗುಲವೋ ಒಂದೂಕಾಲು ಅಂಗುಲವೋ ಇಳಿದಿರುವ ಮೂರ್ನಾಲ್ಕು ಸ್ಕ್ರೂಗಳು. ಮೇಲಿನ ಕೀಲಿನ ಸ್ಕ್ರೂ ಕೂದಲೆಳೆಯಷ್ಟು ಸಡಿಲವಾದರೂ ಕದ ವಾಲುತ್ತದೆ, ಕಡ್ಡಿ ಓರೆಯಾಗುತ್ತದೆ, ಓರೆಯಾದ ಕಡ್ಡಿ ಸುರುಳಿಯ ಒಂದೇ ಅಂಚನ್ನು ತಿಕ್ಕತೊಡಗುತ್ತದೆ. ಕಿರ್ರೆನ್ನುವ ಸದ್ದು ಎಷ್ಟೋ ಸಲ ಹುಟ್ಟುವುದೇ ಇಲ್ಲಿಂದ. ಆ ಸದ್ದಿಗೆ ಎಣ್ಣೆ ಬಿಟ್ಟರೆ ತಿಕ್ಕಾಟ ಕೇಳಿಸುವುದು ನಿಲ್ಲುತ್ತದೆ, ವಾಲುವುದು ನಿಲ್ಲುವುದಿಲ್ಲ.

ಇನ್ನು ಕೊಳೆಯ ಮಾತು. ನಮ್ಮ ಜಿಲ್ಲೆಯ ಕೆಂಪು ನೆಲ ಬಲು ಪುರಾತನವಾದ ನೈಸ್ ಶಿಲೆ, ಗ್ರಾನೈಟ್ ಶಿಲೆ ಸವೆದು ಆದದ್ದು. ಆ ಶಿಲೆಯಲ್ಲಿರುವ ಬೆಣಚುಕಲ್ಲು ಮಾತ್ರ ಸುಲಭಕ್ಕೆ ಕರಗದೆ ಸಣ್ಣ ಮರಳಾಗಿ ಮಣ್ಣಿನಲ್ಲಿ ಉಳಿದಿರುತ್ತದೆ. ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಬೆಣಚು 7ರಲ್ಲಿದೆ, ನಮ್ಮ ಸಾಧಾರಣ ಕಬ್ಬಿಣದ ಕೀಲು 4–5ರ ಆಸುಪಾಸಿನಲ್ಲಿ. ಅಂದರೆ ಗಾಳಿಯಲ್ಲಿ ಹಾರಿಬರುವ ಕೆಂಪು ದೂಳಿನ ಒಂದು ಕಣಕ್ಕೆ ಕೀಲನ್ನು ಗೀರುವ ಶಕ್ತಿಯಿದೆ. ಒಣ ದೂಳು ಹಾಗೇ ಇದ್ದರೆ ಒಂದಷ್ಟು ಉದುರಿಯಾದರೂ ಹೋಗುತ್ತದೆ. ಅದರ ಮೇಲೆ ಎಣ್ಣೆ ಬಿಟ್ಟರೆ ಕಣಗಳು ಅಂಟಿಕೊಂಡು, ಕಬ್ಬಿಣದ ಪುಡಿಯೂ ಸೇರಿ, ಸಾಣೆ ಹಿಡಿಯುವ ಮುಲಾಮಿನಂತೆ ಕೆಲಸ ಮಾಡತೊಡಗುತ್ತದೆ. ಕೀಲಿನ ಕೆಳಗೆ ಬಾಗಿಲ ಬಣ್ಣದ ಮೇಲೆ ಇಳಿದಿರುವ ಕಪ್ಪು ಗೆರೆಯನ್ನು ಬೆರಳಲ್ಲಿ ಒರೆಸಿ ಉಜ್ಜಿ ನೋಡಿ, ಜಿಡ್ಡಿನೊಳಗೆ ಸಣ್ಣದಾಗಿ ಗರಗರ ಎನ್ನುತ್ತದೆ. ಸವೆದ ಕೀಲು ಹಾಗೆ ಹೊರಬರುತ್ತಿರುತ್ತದೆ. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾಯ್ದು ಹೊಸಕೋಟೆಯ ತನಕ ಎಲ್ಲೆಲ್ಲೂ ರಸ್ತೆ ಅಗಲವಾಗುವ, ಬಡಾವಣೆ ಏಳುವ, ಜಲ್ಲಿ ತುಂಬಿದ ಲಾರಿ ಓಡುವ ಕಾಲವಿದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಹೊಲ ನಿವೇಶನವಾಗುವ ವೇಗ ಎಲ್ಲರೂ ಕಂಡದ್ದೇ. ಗದ್ದೆ ತೋಟದ ನಡುವಿನ ಮನೆಗೆ ವರ್ಷಕ್ಕೊಂದು ಸಲ ಒರೆಸಿದರೆ ಸಾಕಾಗಿದ್ದ ಕೀಲು ಈ ದೂಳಿನಲ್ಲಿ ಅಷ್ಟಕ್ಕೆ ತಡೆಯುವುದಿಲ್ಲ.

ಇದೆಲ್ಲ ನಮ್ಮವರಿಗೆ ತಿಳಿಯದ ವಿದ್ಯೆಯಲ್ಲ, ಇದನ್ನು ಒತ್ತಿ ಹೇಳಬೇಕು. ಎತ್ತಿನ ಗಾಡಿ ಇಟ್ಟಿದ್ದ ಮನೆಗಳಲ್ಲಿ ಅಚ್ಚಿಗೆ ಕೀಲೆಣ್ಣೆ ಹಾಕುವ ಕ್ರಮ ಹೇಗಿತ್ತು? ಚಕ್ರ ಕಳಚಿ, ಹಳೆಯ ಗಟ್ಟಿ ಮಸಿಯನ್ನು ಹುಲ್ಲಿನಿಂದಲೋ ಚಿಂದಿಯಿಂದಲೋ ಒರೆಸಿ ತೆಗೆದು, ಆಮೇಲೆ ಹೊಸ ಕೀಲೆಣ್ಣೆ ಸವರಿ ಚಕ್ರ ಏರಿಸುತ್ತಿದ್ದರು. ಹಳೆಯ ಮಸಿಯ ಮೇಲೇ ಹೊಸದನ್ನು ಮೆತ್ತುವವನನ್ನು ಸೋಮಾರಿ ಎನ್ನುತ್ತಿದ್ದರು. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಇವತ್ತಿಗೂ ಸಾವಿರಾರು ವಿದ್ಯುತ್ ಮಗ್ಗಗಳು ನಡೆಯುತ್ತವೆ. ಮಗ್ಗಕ್ಕೆ ಎಣ್ಣೆ ಬಿಡುವವರ ಕೈ ನೋಡಬೇಕು. ಒಂದು ಕೈಯಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ, ಇನ್ನೊಂದರಲ್ಲಿ ಚಿಂದಿ ಬಟ್ಟೆ. ಎಣ್ಣೆ ಹೆಚ್ಚಾದರೆ ಚಿಮ್ಮಿ ರೇಷ್ಮೆ ಸೀರೆಯ ಮೇಲೆ ಕಲೆಯಾಗುತ್ತದೆ, ಕಡಿಮೆಯಾದರೆ ಮಗ್ಗ ಸವೆಯುತ್ತದೆ, ಒರೆಸದಿದ್ದರೆ ನೂಲಿನ ಹಿಂಜು ಎಣ್ಣೆಯೊಡನೆ ಸೇರಿ ಗಟ್ಟಿಯಾಗುತ್ತದೆ. ಈ ಮೂರೂ ಲೆಕ್ಕ ಬಲ್ಲ ಮನೆಯಲ್ಲೇ, ಮಗ್ಗದ ಕೋಣೆಯ ಬಾಗಿಲ ಕೀಲು ತುಕ್ಕು ಹಿಡಿದು ಕೂತಿರುತ್ತದೆ. ಮಗ್ಗದ ಅದುರಿಗೆ ಅದರ ಸ್ಕ್ರೂಗಳು ಬೇರೆಯವರ ಮನೆಯದಕ್ಕಿಂತ ಬೇಗ ಸಡಿಲವಾಗುತ್ತವೆ ಎಂಬುದೂ ಅಲ್ಲಿ ಯಾರಿಗೂ ಹೊಸ ವಿಷಯವಲ್ಲ. ಕಾರಣ ಒಂದೇ ಎಂದು ನನಗನ್ನಿಸುತ್ತದೆ. ಗಾಡಿ, ಮಗ್ಗ, ನೀರೆತ್ತುವ ಮೋಟಾರು ನಮ್ಮ ಕಣ್ಣಿಗೆ ಯಂತ್ರ. ಬಾಗಿಲು ಗೋಡೆಯ ಒಂದು ಭಾಗ. ಆಯುಧಪೂಜೆಯ ದಿನ ಮಗ್ಗ, ಟ್ರ್ಯಾಕ್ಟರು, ಮಚ್ಚು, ಈಳಿಗೆಮಣೆಯ ತನಕ ಎಲ್ಲವೂ ತೊಳೆಸಿಕೊಂಡು ಒರೆಸಿಕೊಂಡು ಕುಂಕುಮ ಇಡಿಸಿಕೊಳ್ಳುತ್ತವೆ. ದಿನಕ್ಕೆ ನೂರಾರು ಸಲ ಆಡುವ ಬಾಗಿಲಿನ ಕೀಲು ಆ ಸಾಲಿಗೆ ಸೇರಲೇ ಇಲ್ಲ.

ಇನ್ನೊಂದು ಕಾರಣ ಹಣದ ಏರ್ಪಾಡಿಗೆ ಸಂಬಂಧಿಸಿದ್ದು. ಹಳ್ಳಿಯಲ್ಲಿ ಆಯದ ಪದ್ಧತಿ ಇದ್ದಾಗ ಬಡಗಿಗೂ ಕಮ್ಮಾರನಿಗೂ ಸುಗ್ಗಿಯಲ್ಲಿ ಕಣದಿಂದಲೇ ರಾಗಿ ಅಳೆದು ಕೊಡುತ್ತಿದ್ದರು. ವರ್ಷದ ಸಣ್ಣಪುಟ್ಟ ರಿಪೇರಿಗೆಲ್ಲ ಅದೇ ಕೂಲಿ. ಹಾಗಾಗಿ ನೇಗಿಲು ಸರಿಮಾಡಲು ಬಂದ ಬಡಗಿಗೆ ಬಾಗಿಲನ್ನೂ ಒಂದು ಸಲ ನೋಡು ಎನ್ನುವುದಕ್ಕೆ ಬೇರೆ ಖರ್ಚಿರಲಿಲ್ಲ, ಕೆಡುವ ಮೊದಲೇ ತೋರಿಸುವುದಕ್ಕೆ ಅಡ್ಡಿಯಿರಲಿಲ್ಲ. ಇವತ್ತು ಬಡಗಿಯನ್ನು ಕರೆಸಿದರೆ ಅರ್ಧ ದಿನದ ಕೂಲಿಯಾದರೂ ಕೊಡಬೇಕು. ಒಂದು ಸಡಿಲ ಸ್ಕ್ರೂಗೆ ಯಾರು ಕರೆಸುತ್ತಾರೆ? ನಾಲ್ಕು ಕೆಲಸ ಕೂಡಿದ ಮೇಲೆ ಕರೆಸೋಣ ಎನ್ನುತ್ತೇವೆ, ಕೂಡುವಷ್ಟರಲ್ಲಿ ಸ್ಕ್ರೂವಿನ ತೂತು ಅಗಲವಾಗಿ ಮರ ಪುಡಿಯಾಗಿರುತ್ತದೆ. ಹಳೆಯ ಪದ್ಧತಿಯೇ ಚೆನ್ನಾಗಿತ್ತು ಎಂದು ಇಲ್ಲಿ ಯಾರಾದರೂ ತಿಳಿದಾರು. ನಾನು ಹಾಗೆ ಹೇಳಲಾರೆ. ಕಸುಬು ಜಾತಿಗೆ ಕಟ್ಟುಬಿದ್ದಿದ್ದ, ಕೂಲಿ ಕೇಳುವ ಹಕ್ಕು ಕಸುಬಿನವನಿಗೆ ಇಲ್ಲದಿದ್ದ, ಮಳೆ ಹೋದ ವರ್ಷ ಅವನ ಪಾಲಿನ ರಾಗಿಯೂ ಹೋಗುತ್ತಿದ್ದ ಏರ್ಪಾಡು ಅದು. ಅದು ಹೋದದ್ದೇ ಒಳ್ಳೆಯದು. ಆದರೆ ಅದರೊಡನೆ ಕೆಡುವ ಮೊದಲೇ ನೋಡುವ ಕಣ್ಣೂ ಹೋಯಿತು, ಆ ಜಾಗವನ್ನು ಮನೆಯವರೇ ತುಂಬಬೇಕಾಗಿತ್ತು, ತುಂಬಲಿಲ್ಲ. ಒಂದು ಸ್ಕ್ರೂಡ್ರೈವರ್, ಒಂದು ಚಿಂದಿ ಬಟ್ಟೆ, ಅರ್ಧ ಗಂಟೆಯ ಬಿಡುವು ಇದ್ದರೆ ಈ ಕೆಲಸಕ್ಕೆ ಬಡಗಿ ಬೇಕಾಗಿಯೇ ಇಲ್ಲ.

ಕೀಲು ಸಸ್ತಾ, ಕೆಟ್ಟರೆ ಹೊಸದು ಹಾಕಿಸಿದರಾಯಿತು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕೀಲು ಸಸ್ತಾ ಹೌದು, ದಾರಂದ ಸಸ್ತಾ ಅಲ್ಲ. ಹೊಸ ಕೀಲಿನ ತೂತುಗಳು ಹಳೆಯದರ ತೂತುಗಳ ಮೇಲೆ ಸರಿಯಾಗಿ ಕೂರುವುದು ಅಪರೂಪ. ಪಕ್ಕದಲ್ಲೇ ಹೊಸ ತೂತು ಕೊರೆಯಬೇಕು, ಕೀಲು ಕೂರಲು ಕಡಿದ ಕಚ್ಚನ್ನು ಅಗಲ ಮಾಡಬೇಕು. ಎರಡು ಸಲ ಬದಲಾಯಿಸಿದರೆ ಆ ಜಾಗದ ಮರಕ್ಕೆ ಸ್ಕ್ರೂ ಹಿಡಿಯುವ ಬಲವೇ ಉಳಿಯುವುದಿಲ್ಲ. ಬೇವು, ಹೊನ್ನೆ, ಹಲಸು, ಮತ್ತಿಯಂಥ ಮರದಲ್ಲಿ ಮಾಡಿದ ಹಳೆಯ ದಾರಂದ ಹೋದರೆ ಅಂಥದೇ ಮರ ಇಂದು ಸಿಗುವುದೂ ಇಲ್ಲ. ಹಾಗಾದರೆ ಸ್ಟೇನ್‌ಲೆಸ್ ಸ್ಟೀಲ್ ಕೀಲು ಹಾಕಿಸಿದರೆ ಈ ತಾಪತ್ರಯವೇ ಇಲ್ಲವಲ್ಲ ಎಂದು ಇನ್ನು ಕೆಲವರು ಕೇಳುತ್ತಾರೆ. ಸ್ಟೇನ್‌ಲೆಸ್ ಹಾಕಿಸುವುದು ಒಳ್ಳೆಯದೇ, ಅದರಲ್ಲೂ ಬಚ್ಚಲು ಬಾಗಿಲಿಗೆ. ಅಲ್ಲಿ ಬಿಸಿನೀರಿನ ಹಬೆ ಒಂದು ಕಡೆ, ನೆಲ ತೊಳೆಯುವ ಆ್ಯಸಿಡ್‌ನ ಹೊಗೆ ಇನ್ನೊಂದು ಕಡೆ. ಸಾಧಾರಣ ಕಬ್ಬಿಣ ಅಲ್ಲಿ ಬೇಗನೆ ತುಕ್ಕು ಹಿಡಿದು, ತುಕ್ಕು ಉಬ್ಬಿ, ಕಡ್ಡಿಯನ್ನು ಬಿಗಿಯಾಗಿ ಕಚ್ಚಿಬಿಡುತ್ತದೆ. ಆದರೆ ಸ್ಟೇನ್‌ಲೆಸ್ ತಡೆಯುವುದು ತುಕ್ಕನ್ನು, ದೂಳನ್ನಲ್ಲ, ತೂಕವನ್ನೂ ಅಲ್ಲ. ಬೆಣಚಿನ ಕಣಕ್ಕೆ ಅದೂ ಸವೆಯುತ್ತದೆ, ಅದರ ಸ್ಕ್ರೂವೂ ಅದೇ ಮರವನ್ನೇ ನೆಚ್ಚಿಕೊಂಡಿರುತ್ತದೆ. ಹಿತ್ತಾಳೆ ಕೀಲಿಗೆ ಕಬ್ಬಿಣದ ಸ್ಕ್ರೂ ಹಾಕುವ ತಪ್ಪು ಎಷ್ಟೋ ಕಡೆ ನಡೆಯುತ್ತದೆ. ಎರಡು ಲೋಹ ತೇವದಲ್ಲಿ ಕೂಡಿದಾಗ ಕಬ್ಬಿಣವೇ ಮೊದಲು ಕೊರೆದುಹೋಗುವುದರಿಂದ, ಹೊಳೆಯುವ ಕೀಲಿನ ಹಿಂದೆ ತಲೆ ಮಾತ್ರ ಉಳಿದ ಸ್ಕ್ರೂ ಇರುತ್ತದೆ.

ಬಾಗಿಲು ಸದ್ದು ಮಾಡಿದರೇ ಒಳ್ಳೆಯದು, ರಾತ್ರಿ ಯಾರಾದರೂ ಬಂದರೆ ಗೊತ್ತಾಗುತ್ತದೆ ಎಂಬ ಮಾತು ಹಿರಿಯರಿಂದ ಕೇಳಿಬರುತ್ತದೆ. ಒಂಟಿಮನೆಗಳ, ತೋಟದ ಮನೆಗಳ ಜನರ ಈ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಆ ಸದ್ದು ಏನೆಂದು ತಿಳಿದರೆ ಅದನ್ನು ಕಾವಲಿಗೆ ನೆಚ್ಚುವುದು ದುಬಾರಿ ಎನಿಸುತ್ತದೆ. ಒಣಗಿದ ಎರಡು ಮೈಗಳು ಒಂದಕ್ಕೊಂದು ಕಚ್ಚಿ ಹಿಡಿದು, ಎಳೆದಾಗ ಜಾರಿ, ಮತ್ತೆ ಕಚ್ಚಿ, ಮತ್ತೆ ಜಾರಿ, ಹೀಗೆ ಒಂದು ಕ್ಷಣದಲ್ಲಿ ನೂರಾರು ಸಲ ನಡೆಯುವಾಗ ಹುಟ್ಟುವ ಸದ್ದು ಅದು. ರಾಳ ಹಚ್ಚಿದ ಕಮಾನು ಪಿಟೀಲಿನ ತಂತಿಯನ್ನು ನುಡಿಸುವುದೂ ಇದೇ ನಿಯಮದಿಂದ. ವ್ಯತ್ಯಾಸವೆಂದರೆ ಇಲ್ಲಿ ಪ್ರತಿ ಕಚ್ಚುವಿಕೆಗೂ ಲೋಹ ಅಷ್ಟಷ್ಟು ಉದುರುತ್ತದೆ. ಕಾವಲಿಗೆ ಚಿಲಕಕ್ಕೊಂದು ಸಣ್ಣ ಗಂಟೆ ಕಟ್ಟಿದರೆ ಸಾಕು, ಅದು ಬಾಗಿಲನ್ನು ತಿನ್ನುವುದಿಲ್ಲ.

ಮಳೆಗಾಲದಲ್ಲಿ ಈ ಉಪೇಕ್ಷೆಯ ಬೆಲೆ ಎದ್ದು ಕಾಣುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಕಡೆ ಜೋರು ಮಳೆಯ ತಿಂಗಳು. ಮರ ತೇವ ಹೀರಿ ಉಬ್ಬಿ, ಬಾಗಿಲು ಹಿಡಿಯುತ್ತದೆ. ಕೂಡಲೇ ಉಜ್ಜುಗೊರಡು ಹಿಡಿದು ಅಂಚನ್ನು ಹೆರೆಸಿಬಿಡುತ್ತಾರೆ. ಫೆಬ್ರವರಿಯ ಬಿಸಿಲಿಗೆ ಮರ ಕುಗ್ಗಿದಾಗ ಬೆರಳು ತೂರುವಷ್ಟು ಸಂದು. ಹೆರೆಸುವ ಮೊದಲು ನೋಡಬೇಕಾದದ್ದು ಇಷ್ಟೇ. ಉಬ್ಬಿದ ಮರ ಅಂಚಿನುದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮ ಹಿಡಿಯುತ್ತದೆ. ಚಿಲಕದ ಕಡೆಯ ಮೇಲ್ಮೂಲೆ ದಾರಂದಕ್ಕೆ ತಗುಲಿ, ಅದೇ ಕಡೆಯ ಕೆಳಮೂಲೆ ನೆಲ ಉಜ್ಜುತ್ತಿದ್ದರೆ ತಪ್ಪು ಮರದ್ದಲ್ಲ, ಮೇಲಿನ ಕೀಲಿನ ಸ್ಕ್ರೂದು. ಅದನ್ನು ಬಿಗಿದರೆ ಬಾಗಿಲು ತಾನೇ ಎದ್ದು ನಿಲ್ಲುತ್ತದೆ. ಬಿಗಿಯುವಾಗ ಸ್ಕ್ರೂ ಹಿಡಿಯದೆ ಸುಮ್ಮನೆ ಸುತ್ತುತ್ತಿದ್ದರೆ ಅದನ್ನು ತೆಗೆದು, ತೂತಿಗೆ ಅಂಟು ಸವರಿದ ಬೆಂಕಿಕಡ್ಡಿಗಳನ್ನೋ ಸೀಳಿದ ಬಿದಿರ ಚಕ್ಕೆಯನ್ನೋ ತುರುಕಿ, ಒಣಗಲು ಬಿಟ್ಟು ಮತ್ತೆ ಬಿಗಿಯಬೇಕು. ತೆಗೆದ ಸ್ಕ್ರೂವಿನ ಜೊತೆ ಮರದ ಪುಡಿಯ ಬದಲು ಮಣ್ಣು ಬಂದರೆ ಒಳಗೆ ಗೆದ್ದಲು ಸೇರಿದೆ ಎಂದರ್ಥ. ಬಣ್ಣ ಬಳಿದ ದಾರಂದದೊಳಗಿನ ಗೆದ್ದಲು ಹೊರಗೆ ಕಾಣಿಸುವ ಹೊತ್ತಿಗೆ ಕಾಲ ಮೀರಿರುತ್ತದೆ. ಕೀಲು ಬಿಚ್ಚುವವರ ಕೈಗೆ ಅದು ಮೊದಲೇ ಸಿಗುತ್ತದೆ. ಎಣ್ಣೆ ಬಿಟ್ಟು ಸುಮ್ಮನಾಗುವವರಿಗೆ ಈ ಸುಳಿವು ಎಂದೂ ಸಿಗಲಾರದು.

ಕೊಳೆ ತೆಗೆಯುವ ಕೆಲಸವನ್ನು ಹತ್ತಿರದಿಂದ ನೋಡೋಣ. ಮೊದಲು ಕದದ ತುದಿಯ ಕೆಳಗೆ ಒಂದು ಮರದ ಬೆಣೆ ಕೊಟ್ಟು ಭಾರ ಇಳಿಸಬೇಕು. ಒಳ್ಳೆಯ ಕೀಲಾದರೆ ಕಡ್ಡಿಯನ್ನು ಕೆಳಗಿನಿಂದ ಮೊಳೆಯಿಟ್ಟು ತಟ್ಟಿ ಮೇಲಕ್ಕೆ ತೆಗೆಯಬಹುದು, ಒಂದು ಸಲಕ್ಕೆ ಒಂದೇ ಕೀಲು. ನಮ್ಮಲ್ಲಿ ಹೆಚ್ಚಾಗಿ ಸಿಗುವ ಕೀಲುಗಳ ಕಡ್ಡಿಯ ಎರಡೂ ತುದಿ ಬಡಿದು ಕೂರಿಸಿರುವುದರಿಂದ ಅವು ಬಿಚ್ಚುವುದಿಲ್ಲ. ಅವುಗಳ ಸುರುಳಿಯ ಸಂದಿಗೆ ಸೀಮೆಎಣ್ಣೆ, ಅದು ಸಿಗದಿದ್ದರೆ ಬಣ್ಣದಂಗಡಿಯ ಟರ್ಪೆಂಟೈನ್, ನಾಲ್ಕು ಹನಿ ಬಿಡಬೇಕು. ದೇವರ ದೀಪ, ಒಲೆ ಹತ್ತಿರ ಇರಕೂಡದು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಬಾಗಿಲನ್ನು ಹತ್ತು ಸಲ ಆಡಿಸಿ, ಹೊರಬರುವ ಕಪ್ಪು ನೀರನ್ನು ಬಟ್ಟೆಯಿಂದ ಒರೆಸಬೇಕು. ಮೊದಲ ಸಲ ಮಸಿ, ಎರಡನೆಯ ಸಲ ಕಂದು, ಆಮೇಲಾಮೇಲೆ ಬಟ್ಟೆ ಹಾಗೇ ಉಳಿಯುತ್ತದೆ. ಹಬ್ಬಕ್ಕೆ, ಮದುವೆಗೆ ಬಣ್ಣ ಹೊಡೆಸಿದಾಗ ಕೀಲಿನ ಮೇಲೂ ಬಳಿದ ಪದರವನ್ನು ಸಂದಿಯ ಉದ್ದಕ್ಕೆ ಚೂರಿಯ ಮೊನೆಯಿಂದ ಕೆರೆದು ತೆಗೆಯಬೇಕು. ಆ ಪದರ ಒಡೆದು ಚಕ್ಕೆಯಾಗಿ ಒಳಗೆ ಬೀಳುವುದರಿಂದಲೇ ಎಷ್ಟೋ ಹೊಸ ಬಾಗಿಲುಗಳು ಬಿಗಿಯಾಗುತ್ತವೆ.

ಎಣ್ಣೆಯ ಸರದಿ ಇದೆಲ್ಲ ಆದ ಮೇಲೆ. ಕೊಬ್ಬರಿ ಎಣ್ಣೆ ಕೈಗೆ ಸಿಗುವುದು ಸುಲಭ, ಕೀಲಿಗೆ ಮಾತ್ರ ಆಗದು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ನಮ್ಮ ಜಿಲ್ಲೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಸೂರ್ಯಕಾಂತಿ ಎಣ್ಣೆ ಗಾಳಿಗೆ ನಿಧಾನವಾಗಿ ಅಂಟಾಗುತ್ತದೆ, ಅಗಸೆ ಎಣ್ಣೆಯಂತೂ ಒಣಗಿ ಪದರವೇ ಕಟ್ಟುತ್ತದೆ. ಡಬ್ಲ್ಯುಡಿ-40 ಎಂಬ ಸ್ಪ್ರೇ 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಲೋಹದ ಮೇಲಿನ ತೇವ ಹೊರದೂಡಲೆಂದು ತಯಾರಾದದ್ದು. ತುಕ್ಕು ಸಡಿಲಿಸಲು, ಕೊಳೆ ಕರಗಿಸಲು ಅದು ಬಲು ಒಳ್ಳೆಯದು, ಭಾರ ಹೊರುವ ಕೀಲಿನಲ್ಲಿ ಬಹುಕಾಲ ನಿಲ್ಲಲು ತೀರ ತೆಳು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ನಮ್ಮವರು ಬೆಳೆಯುತ್ತಿದ್ದ ಹರಳು, ಅದನ್ನು ಹುರಿದು ಕುಟ್ಟಿ ಬೇಯಿಸಿ ತೆಗೆದ ಎಣ್ಣೆ, ಈ ಕೆಲಸಕ್ಕೆ ಎಲ್ಲಕ್ಕಿಂತ ಹೊಂದುತ್ತದೆ. ಮಂದವಾದ್ದರಿಂದ ಹರಿದುಹೋಗದು, ನಮ್ಮ ಚಳಿಗೆ ಹೆಪ್ಪುಗಟ್ಟದು, ಬೇಗ ಒಣಗದು. ಮೊದಲ ಮಹಾಯುದ್ಧದ ಕಾಲದ ವಿಮಾನಗಳ ಎಂಜಿನ್‌ಗಳಿಗೆ ಹುಯ್ಯುತ್ತಿದ್ದದ್ದು ಇದನ್ನೇ, ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೂ ಇದರ ಇಂಗ್ಲಿಷ್ ಹೆಸರಿನಿಂದ. ಸುರುಳಿಯ ಪ್ರತಿ ಸಂದಿಗೂ ಒಂದೇ ಹನಿ, ಬಾಗಿಲು ಆಡಿಸಿ, ಹೊರಗೆ ಉಕ್ಕಿದ್ದನ್ನೆಲ್ಲ ಒರೆಸಿ. ಹೊರಗೆ ಉಳಿದ ಎಣ್ಣೆ ನಾಳಿನ ದೂಳಿಗೆ ಅಂಟು.

ಕಡೆಗೊಂದು ತಕರಾರು ಬಾಡಿಗೆ ಮನೆಗಳದು. ಡಾಬಸ್‌ಪೇಟೆ, ದೇವನಹಳ್ಳಿ, ಹೊಸಕೋಟೆಯ ಸುತ್ತ ಕೆಲಸಕ್ಕೆ ಬಂದವರು ತುಂಬಿರುವ ಸಾಲು ಮನೆಗಳಲ್ಲಿ ಕೀಲು ಯಾರದು? ಮಾಲೀಕರು ಬಳಸುವವರದು ಎನ್ನುತ್ತಾರೆ, ಬಾಡಿಗೆಯವರು ಮನೆ ಕಟ್ಟಿಸಿದವರದು ಎನ್ನುತ್ತಾರೆ. ಸ್ಕ್ರೂ ಹಿಡಿಯುವ ಮರ ಮಾಲೀಕರ ಆಸ್ತಿ, ಹಾಗಾಗಿ ಮನೆ ಖಾಲಿಯಾದಾಗಲೆಲ್ಲ ಸುಣ್ಣಬಣ್ಣದ ಜೊತೆ ಬಿಗಿಯುವ ಕೆಲಸ ಅವರೇ ಮಾಡಿಸುವುದು ನ್ಯಾಯ. ಒರೆಸಿ ಎಣ್ಣೆ ಬಿಡುವುದು ಮನೆಯಲ್ಲಿರುವವರಿಗೆ ಸೇರಿದ್ದು, ಗಾಡಿ ಬಾಡಿಗೆಗೆ ತಂದವನೂ ಅಚ್ಚಿಗೆ ಕೀಲೆಣ್ಣೆ ಹಾಕಿಕೊಳ್ಳುತ್ತಿದ್ದನಲ್ಲ. ಕೊಳೆ ತೆಗೆದು, ಬಿಗಿದು, ಎಣ್ಣೆ ಬಿಟ್ಟ ಮೇಲೆ ಬಾಗಿಲನ್ನು ಅರ್ಧ ತೆರೆದು ಕೈ ಬಿಟ್ಟು ನೋಡಬೇಕು. ನಿಂತಲ್ಲೇ ನಿಂತರೆ ಸರಿ. ತಾನಾಗಿಯೇ ತೆರೆದುಕೊಂಡರೆ ಅಥವಾ ಮುಚ್ಚಿಕೊಂಡರೆ ದಾರಂದವೇ ನೇರ ತಪ್ಪಿದೆ, ಇಲ್ಲವೇ ಕೀಲುಗಳು ಒಂದೇ ಗೆರೆಯಲ್ಲಿಲ್ಲ. ಆ ಕೆಲಸ ಮಾತ್ರ ನಮ್ಮ ಕೈಯದಲ್ಲ, ತೂಗುಗುಂಡು ಹಿಡಿದು ನೋಡಬಲ್ಲ ಬಡಗಿಯನ್ನೇ ಕರೆಸಬೇಕು.